ಎರಡನೇ ಸಲ ಕೇಳುವ ತನಕ

ಕ್ರೈಸ್ಟ್‌ಚರ್ಚಿನ ಕ್ಲಿನಿಕ್ಕುಗಳಲ್ಲಿ ರೋಗಿಗಳನ್ನು ಒಳಗೆ ಕಳಿಸಲು ಕಾಂಪೌಂಡರ್ ಇರುವುದಿಲ್ಲ. ಡಾಕ್ಟರೇ ಕುರ್ಚಿಯಿಂದ ಎದ್ದು, ಕಾಯುವವರ ಕೋಣೆಗೆ ಬಂದು ನಿಂತು, ಎಲ್ಲರ ಎದುರು ಹೆಸರು ಹಿಡಿದು ಕರೆಯಬೇಕು. ಮೈಸೂರಿನಲ್ಲಿ ಏಳನೇ ಕ್ಲಾಸು ಮುಗಿಸಿ ಅಪ್ಪ ಅಮ್ಮನ ಜೊತೆ ನ್ಯೂಝಿಲೆಂಡಿಗೆ ಬಂದ ಹೊಸದರಲ್ಲಿ ಇದನ್ನು ನೋಡಿ, ಪಾಪ, ಇಷ್ಟು ದೊಡ್ಡ ಡಾಕ್ಟರಿಗೆ ಒಬ್ಬ ಸಹಾಯಕನೂ ಸಿಕ್ಕಿಲ್ಲವಲ್ಲ ಎಂದು ಮರುಗಿದ್ದೆ. ಆಮೇಲೆ ಆ ಕರೆಯುವುದರಲ್ಲೇ ಎಷ್ಟು ಬಗೆಯಿದೆ ಎಂದು ಗಮನಿಸತೊಡಗಿದೆ. ಒಬ್ಬರು ಪಾಠ ಒಪ್ಪಿಸುವಂತೆ ಕರೆಯುತ್ತಾರೆ. ಇನ್ನೊಬ್ಬರು ನಮ್ಮ ಹೆಸರನ್ನು ಕೆಡಿಸುವ ಮೊದಲೇ ಕ್ಷಮೆ ಕೇಳುತ್ತಾರೆ. ನಮ್ಮ ಧಾರವಾಡದ ಡಾಕ್ಟರು ಕರೆದರೆ ಮಾತ್ರ ಮೂಲೆಯಲ್ಲಿ ಆಟಿಕೆ ಜೋಡಿಸುತ್ತಿದ್ದ ಮಕ್ಕಳೂ ತಲೆಯೆತ್ತುತ್ತಿದ್ದರು. ಖಾಲಿ ಹಂಡೆಯೊಳಗೆ ಮುಖವಿಟ್ಟು ಮಾತಾಡಿದಂಥ ದನಿ ಅವರದು.

ಈ ಡಾಕ್ಟರು ನನ್ನ ಮನೆ ಮಾಲೀಕರೂ ಹೌದು. ಅವರ ಹಿತ್ತಲಿನಲ್ಲಿ ಇಲ್ಲಿಯವರು ಸ್ಲೀಪ್‌ಔಟ್ ಎನ್ನುವ ಒಂಟಿ ಕೋಣೆಯಿದೆ, ಅದರಲ್ಲಿ ನಾನು ಬಾಡಿಗೆಗಿದ್ದೇನೆ. ಅವರು ಅಂಕಲ್, ಅವರ ಹೆಂಡತಿ ಆಂಟಿ. ನಾನು ರಸ್ತೆ ಇಂಜಿನಿಯರ್. ಅಂದರೆ ಈ ಊರಿನ ಕಿತ್ತಳೆ ಬಣ್ಣದ ಕೋನ್‌ಗಳನ್ನು ಒಂದು ಬೀದಿಯಿಂದ ಎತ್ತಿಸಿ ಇನ್ನೊಂದು ಬೀದಿಯಲ್ಲಿ ಇಡಿಸುವವನು. ಸಂಬಳ ಅದಕ್ಕೆ. ನಿಜವಾದ ಕಸುಬು ಅಣಕು. ನನ್ನ ಬಾಸು, ಬಾಸಿನ ನಾಯಿ, ಮೂಲೆಯ ಕಿರಾಣಿ ಅಂಗಡಿಯ ಮಾಲೀಕ, ಬಿಲ್ಡರ್ ಜೊತೆ ಫೋನಿನಲ್ಲಿ ಜಗಳವಾಡುವ ನನ್ನಪ್ಪ, ಎಲ್ಲರೂ ನನ್ನ ಗಂಟಲಿನಲ್ಲಿದ್ದಾರೆ. ಕನ್ನಡದವರು ಹಾಲ್ ಬಾಡಿಗೆಗೆ ಹಿಡಿದು ಸೇರಿದಾಗಲೆಲ್ಲ ಊಟದ ಮುಂಚೆ ನನ್ನದೊಂದು ಐಟಂ ಇರುತ್ತಿತ್ತು, ಅದರ ಕೊನೆಗೆ ತಪ್ಪದೆ ಅಂಕಲ್ ಬರುತ್ತಿದ್ದರು. "ಏನಪಾ, ಎಲ್ಲಿ ಬ್ಯಾನಿ ಐತಿ? ಇಲ್ಲೇನು? ಇಲ್ಲೇನು? ಎಲ್ಲೂ ಇಲ್ಲಂದ್ರ ನಿನಗ ಬ್ಯಾನಿ ಇಲ್ಲೋ, ನನಗ ಕೊಡಾಕ ಬಂದೀದಿ!" ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅಂಕಲ್ಲೇ.

ಆಮೇಲೆ ಅವರಿಗೆ ಥೈರಾಯ್ಡ್ ಆಪರೇಶನ್ ಆಯಿತು. ಗಡ್ಡೆ ಹೋಯಿತು, ಜೀವಕ್ಕೆ ಏನೂ ಇಲ್ಲ. ಆದರೆ ಗಂಟಲಿನ ನರಕ್ಕೆ ಪೆಟ್ಟಾಗಿ ದನಿ ಹೋಯಿತು. ಯಾರ ತಪ್ಪೂ ಅಲ್ಲ, ಕೆಲವರಿಗೆ ಹೀಗಾಗುತ್ತದೆ ಎಂದು ಅವರೇ ರೋಗಿಗಳಿಗೆ ಎಷ್ಟೋ ಸಲ ಹೇಳಿದ್ದರಂತೆ. ತಿಂಗಳುಗಳು ಕಳೆದವು. ನರ ಚೇತರಿಸಿಕೊಂಡಿದೆ, ಇನ್ನು ಬಳಸಿದಷ್ಟೂ ದನಿ ಬರುತ್ತದೆ, ಆದರೆ ಹಳೆಯ ದನಿ ಬರಲಿಕ್ಕಿಲ್ಲ ಎಂದು ಸ್ಪೀಚ್ ಥೆರಪಿಸ್ಟ್ ಹೇಳಿದಳು. ಅಂಕಲ್ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಒಮ್ಮೆ ದನಿ ತೆಗೆದು ನೋಡಿದರು. ಮೇಕೆ ಕೂಗಿದಂತೆ ಕೇಳಿಸಿತಂತೆ. ಅಲ್ಲಿಗೆ ಬಾಯಿಗೆ ಬೀಗ.

"ನೋಡಪಾ, ಊಟಕ್ಕ ಕುಂತ್ರೂ ಮೊಬೈಲ್‌ನಾಗ ಬರದು ತೋರಸ್ತಾರ, ಉಪ್ಪು ಕೊಡು ಅಂತ," ಎಂದು ಆಂಟಿ ನನ್ನ ಹತ್ತಿರ ಹೇಳಿಕೊಂಡರು. "ನಾನೂ ಒಂದಿನ ಬರದು ತೋರಿಸಿದ್ನಿ, ಎದ್ದು ತಗೋರಿ ಅಂತ."

ಕ್ಲಿನಿಕ್ಕಿನವರು ಒಳ್ಳೆಯವರು. ಬೇಕಾದರೆ ರೋಗಿಗಳನ್ನು ನೋಡುವುದು ಬಿಟ್ಟು ಲ್ಯಾಬ್ ವರದಿ, ಕಾಗದ ಪತ್ರದ ಕೆಲಸ ಮಾಡಿಕೊಂಡಿರಬಹುದು, ಯೋಚಿಸಿ ಹೇಳಿ ಅಂದಿದ್ದರು. ಇಲ್ಲಿ ಡಿಸೆಂಬರಿಗೆ ಬರುವ ಬೇಸಿಗೆ ರಜೆಯ ಮೊದಲು ಹೇಳಬೇಕಿತ್ತು. ಅಂಕಲ್‌ಗೆ ಕೋಣೆಯೊಳಗೆ ಒಬ್ಬ ರೋಗಿಯ ಜೊತೆ ಪಿಸುಗುಟ್ಟುವುದು ಕಷ್ಟವಾಗಿರಲಿಲ್ಲ. ಕಷ್ಟ ಇದ್ದದ್ದು ಹೊರಗೆ ಬಂದು ಎಲ್ಲರ ಎದುರು ಹೆಸರು ಕರೆಯುವುದರಲ್ಲಿ. ಅಷ್ಟು ಜನ ಒಟ್ಟಿಗೆ ತಲೆಯೆತ್ತಿ ಮೇಕೆಯನ್ನು ನೋಡುತ್ತಾರಲ್ಲ ಎಂಬುದು.

ನಾನು ಅವರ ಐಟಂ ನಿಲ್ಲಿಸಿದ್ದೆ. ನಿಲ್ಲಿಸಿದ್ದೆ ಅಂದರೆ ಹಾಲ್‌ನಲ್ಲಿ, ಜನರ ಎದುರು. ಒಂದು ಶನಿವಾರ ಮಧ್ಯಾಹ್ನ ಸ್ಲೀಪ್‌ಔಟ್‌ನಲ್ಲಿ ಸಾಕ್ಸ್ ಮಡಿಸುತ್ತ ಗೆಳೆಯನೊಬ್ಬನಿಗೆ ಫೋನಿನಲ್ಲಿ, "ಏನಪಾ, ಎಲ್ಲಿ ಬ್ಯಾನಿ ಐತಿ?" ಎಂದು ಶುರು ಮಾಡಿದ್ದೆ. ತಿರುಗಿದರೆ ಬಾಗಿಲಲ್ಲಿ ಅಂಕಲ್, ಕೈಯಲ್ಲಿ ನಮ್ಮಿಬ್ಬರ ಜಂಟಿ ಆಸ್ತಿಯಾದ ಏಣಿ. ನನ್ನ ಕೈಯಲ್ಲಿದ್ದ ಸಾಕ್ಸ್ ಜಾರಿತು. ಮನೆ ಖಾಲಿ ಮಾಡಿಸುತ್ತಾರೆ ಎಂದೇ ಅಂದುಕೊಂಡೆ. ಅವರು ಏಣಿ ಇಟ್ಟು, ಮೊಬೈಲ್ ತೆಗೆದು, ನಿಧಾನವಾಗಿ ಒಂದೊಂದೇ ಅಕ್ಷರ ಒತ್ತಿ ನನ್ನ ಮುಖಕ್ಕೆ ಹಿಡಿದರು.

"ನನ್ನ ದನಿ ನಿನ್ನ ಕಡೆ ಐತಿ. ನಾ ಜಪಾನ್‌ಗೆ ಹೊಂಟೀನಿ. ನಿನ್ನ ಬಿಟ್ಟು ಹ್ಯಾಂಗ ಹೋಗ್ಲಿ?"

ಜಪಾನ್ ಯಾಕೆ ಎಂದು ಆಂಟಿ ವಿವರಿಸಿದರು. ಶಿಕೋಕು ಎಂಬ ದ್ವೀಪದಲ್ಲಿ ಎಂಬತ್ತೆಂಟು ಬೌದ್ಧ ದೇವಾಲಯಗಳನ್ನು ಸುತ್ತುವ ಹಳೆಯ ಕಾಲುದಾರಿಯಿದೆ. ಸಾವಿರ ವರ್ಷಕ್ಕೂ ಹಿಂದಿನ ಒಬ್ಬ ಸನ್ಯಾಸಿ ಗುರುವಿನ ಹೆಸರಿನಲ್ಲಿ ಜನ ನಡೆಯುತ್ತಾರೆ. ಅಂಕಲ್ ಯಾವುದೋ ಪುಸ್ತಕದಲ್ಲಿ ಓದಿದ್ದರು. ಇಡೀ ದ್ವೀಪ ಸುತ್ತುವಷ್ಟು ರಜೆ ನಮಗಿಲ್ಲ, ಮೊದಲ ಕೆಲವು ದೇವಾಲಯ ಮತ್ತು ಒಂದು ದೊಡ್ಡ ಬೆಟ್ಟ ಅಷ್ಟೇ. ಅಲ್ಲಿ ಮಾತಾಡದೆ ನಡೆಯುವವನನ್ನು ಯಾರೂ ಯಾಕೆ ಎಂದು ಕೇಳುವುದಿಲ್ಲ, ಅಲ್ಲಿ ಯಾರಿಗೂ ಅವರ ಹಳೆಯ ದನಿ ಗೊತ್ತಿಲ್ಲ. ನಾನು ಬೇಕಾದದ್ದು ಭಾಷೆಗೆ. ಇಲ್ಲಿನ ಹೈಸ್ಕೂಲಿನಲ್ಲಿ ನಾನು ಜಪಾನಿ ಕಲಿತಿದ್ದೆ. ಕಲಿತಿದ್ದೆ ಅಂದರೆ ಜಪಾನಿ ಟೀಚರ್ ಥರ ಮಾತಾಡಲು ಕಲಿತಿದ್ದೆ. ಆಕೆ ನನಗೆ ಒಳ್ಳೆಯ ಅಂಕ ಕೊಟ್ಟದ್ದು ಅದಕ್ಕೇ ಇರಬೇಕು.

ಅಭ್ಯಾಸಕ್ಕೆಂದು ಊರ ಪಕ್ಕದ ಪೋರ್ಟ್ ಹಿಲ್ಸ್ ಗುಡ್ಡ ಹತ್ತಿ ಇಳಿದೆವು. ಅಂಕಲ್ ಹಳೆಯ ಶೂ ಹಾಕಿಕೊಂಡು ಮೇಲೆ ಹೋಗಿ ನನಗಾಗಿ ಕಾಯುತ್ತ ಕೂರುತ್ತಿದ್ದರು. ನಾನು ಹೊಸ ಬೂಟು, ಹೊಸ ಬ್ಯಾಗು, ಕುತ್ತಿಗೆಯ ಹತ್ತಿರ ನಳಿಕೆಯಲ್ಲಿ ನೀರು ಬರುವ ವ್ಯವಸ್ಥೆ ಎಲ್ಲ ಹೊತ್ತುಕೊಂಡು ಹಿಮಾಲಯಕ್ಕೆ ಹೊರಟವನಂತೆ ಬಂದು ಸೇರುತ್ತಿದ್ದೆ. ಆ ಬೂಟು ನನ್ನ ಕಾಲಿಗಿಂತ ಸ್ವಲ್ಪವೇ ಚಿಕ್ಕದು ಎಂದು ಗೊತ್ತಾಗಿತ್ತು. ಹಾಕುತ್ತ ಹಾಕುತ್ತ ಬಿಡುತ್ತದೆ ಎಂದುಕೊಂಡೆ. ಬಿಡಲಿಲ್ಲ.

ಶಿಕೋಕುವಿನಲ್ಲಿ ಕಿತ್ತಳೆ ಹಣ್ಣಿನ ಕಾಲ. ಮೊದಲ ದೇವಾಲಯದ ಅಂಗಡಿಯಲ್ಲಿ ನಮ್ಮಿಬ್ಬರಿಗೂ ತೋಳಿಲ್ಲದ ಬಿಳಿ ಅಂಗಿ, ಹುಲ್ಲಿನ ಅಗಲ ಟೋಪಿ, ಗೆಜ್ಜೆಯಂಥ ಸಣ್ಣ ಗಂಟೆ ಕಟ್ಟಿದ ಮರದ ಕೋಲು ಸಿಕ್ಕವು. ಕನ್ನಡಿಯಲ್ಲಿ ನೋಡಿಕೊಂಡರೆ ಅಂಕಲ್ ಯಾವುದೋ ಮಠದ ಹಿರಿಯ ಸ್ವಾಮಿಗಳಂತೆ ಕಾಣುತ್ತಿದ್ದರು. ನಾನು ಅದೇ ಮಠದಿಂದ ಓಡಿಹೋಗಿ ಸಿಕ್ಕಿಬಿದ್ದವನಂತೆ ಕಾಣುತ್ತಿದ್ದೆ.

ಬಾಗಿಲ ಪಕ್ಕದಲ್ಲಿ ಕಲ್ಲಿನ ತೊಟ್ಟಿ, ತುಂಬ ತಿಳಿನೀರು, ಮೇಲೆ ಉದ್ದ ಹಿಡಿಯ ಸೌಟು. ದೇವಸ್ಥಾನ, ನೀರು, ಸೌಟು. ಮೈಸೂರಿನವನಿಗೆ ಇನ್ನೇನು ಹೇಳಿಕೊಡಬೇಕು? ಬಲಗೈ ಗುಳಿ ಮಾಡಿ ಹಾಕಿಕೊಂಡು ಮೂರು ಸಲ ಸೊರ್ ಎಂದು ಕುಡಿದು, ಉಳಿದದ್ದನ್ನು ಭಕ್ತಿಯಿಂದ ತಲೆಗೆ ಸವರಿಕೊಂಡೆ. ಹಿಂದೆ ನಿಂತಿದ್ದ ಒಬ್ಬ ಅಜ್ಜ ನನ್ನನ್ನೇ ನೋಡಿದರು. ಆಮೇಲೆ ಸೌಟು ತೆಗೆದುಕೊಂಡು ಎಡಗೈ ತೊಳೆದರು, ಬಲಗೈ ತೊಳೆದರು, ಬಾಯಿ ಮುಕ್ಕಳಿಸಿ ಪಕ್ಕದ ಚರಂಡಿಗೆ ಉಗುಳಿದರು. ಅದು ಕೈಕಾಲು ತೊಳೆಯುವ ನಲ್ಲಿಯ ಜಾತಿಯ ತೊಟ್ಟಿ. ನಾನು ತೀರ್ಥ ತೆಗೆದುಕೊಂಡಿದ್ದೆ. ಅಂಕಲ್‌ರ ಹುಲ್ಲುಟೋಪಿ ಅಲುಗುತ್ತಿತ್ತು. ಅವರು ಸದ್ದಿಲ್ಲದೆ ನಗುತ್ತಿದ್ದರು.

ಆ ಅಜ್ಜ ನಮ್ಮ ಜೊತೆಗೇ ಸ್ವಲ್ಪ ದೂರ ನಡೆದರು. ನಾನು ಅವರನ್ನು ಯಾಕೆ ಯಾಕೆ ಎಂದು ಕೇಳಿ ಕೇಳಿ ಸುಸ್ತು ಮಾಡಿದೆ. ದೇವಾಲಯಕ್ಕೆ ಬಂದಾಗ ಗಂಟೆ ಬಾರಿಸಬಹುದು, ಹೊರಡುವಾಗ ಯಾಕೆ ಬಾರಿಸಬಾರದು? ಪಡೆದ ಪುಣ್ಯ ವಾಪಸ್ ಹೋಗುತ್ತದಂತೆ. ನಾನು ಆಗಲೇ ಬಾರಿಸಿಬಿಟ್ಟಿದ್ದೆ. ದಾರಿಬದಿಯ ಕಲ್ಲುವಿಗ್ರಹಗಳಿಗೆ ಮಕ್ಕಳಿಗೆ ಜೊಲ್ಲುಬಟ್ಟೆ ಕಟ್ಟಿದ ಹಾಗೆ ಕೆಂಪು ಬಟ್ಟೆ ಯಾಕೆ? ಮಕ್ಕಳನ್ನು ಕಾಯುವ ದೇವರು, ಅದಕ್ಕೆ. ನಿಮ್ಮ ಮಂತ್ರದ ಅರ್ಥವೇನು? ಅಜ್ಜ ತುಂಬ ಹೊತ್ತು ಯೋಚಿಸಿ, "ನನಗೂ ಅದೇ ಕುತೂಹಲ," ಎಂದರು.

ಹಾಗೆ ನಡೆಯುತ್ತಿದ್ದಾಗ ಒಂದು ಸಣ್ಣ ಸೇತುವೆ ಬಂತು. ಅಜ್ಜ ಕೋಲನ್ನು ನೆಲಕ್ಕೆ ಊರದೆ ಎತ್ತಿ ಹಿಡಿದು ದಾಟಿದರು. ನಾನು ಟಕ್ ಟಕ್ ಎಂದು ಎರಡು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಅಜ್ಜ ತುಟಿಗೆ ಬೆರಳಿಟ್ಟರು. ಒಂದು ಚಳಿಯ ರಾತ್ರಿ ಗುರುಗಳಿಗೆ ಯಾರೂ ಜಾಗ ಕೊಡದೆ ಸೇತುವೆಯ ಕೆಳಗೆ ಮಲಗಿದ್ದರಂತೆ. ಇವತ್ತಿಗೂ ಎಲ್ಲಿ ಮಲಗಿರುತ್ತಾರೋ ಗೊತ್ತಿಲ್ಲ, ಎಚ್ಚರ ಮಾಡಬಾರದು.

ಅಂಕಲ್‌ಗೆ ಇದು ಬಹಳ ಹಿಡಿಸಿತು. ನನ್ನನ್ನು ಹತ್ತಿರ ಕರೆದು ಕಿವಿಯಲ್ಲಿ ಪಿಸುಗುಟ್ಟಿದರು. "ನೋಡು, ಸಪ್ಪಳ ಮಾಡದs ಇರೋದೂ ಒಂದು ಸೇವಾ ಐತಿ."

"ಹೌದು ಅಂಕಲ್. ಆದ್ರೆ ಸೇತುವೆ ಮುಗಿದ್ಮೇಲೆ ಕೋಲು ಊರಬಹುದಂತೆ," ಎಂದೆ.

ಅವರು ಕೋಲಿನ ತುದಿಯಿಂದ ನನ್ನ ಬ್ಯಾಗಿಗೆ ಒಂದು ತಿವಿದು ಮುಂದೆ ನಡೆದರು.

ಹೀಗೆ ಕಿವಿಯಲ್ಲಿ ಪಿಸುಗುಟ್ಟುವುದೇ ನಮ್ಮ ವ್ಯವಸ್ಥೆಯಾಯಿತು. ಅವರು ಒಂದು ಮಾತು ಉಸಿರಿನಲ್ಲಿ ಹೇಳುವುದು, ನಾನು ಅದನ್ನು ಅವರ ಹಳೆಯ ದನಿಯಲ್ಲಿ, ಆದರೆ ಜಪಾನಿಯಲ್ಲಿ, ಎದುರಿನವರಿಗೆ ಒಪ್ಪಿಸುವುದು. ಧಾರವಾಡದ ಹಂಡೆದನಿಯಲ್ಲಿ ಜಪಾನಿ ಕೇಳಿದ ಜನ ಶಿಕೋಕುವಿನಲ್ಲಿ ಇನ್ನೂ ಇದ್ದಾರೆ, ಬೇಕಾದರೆ ಹೋಗಿ ವಿಚಾರಿಸಬಹುದು. ಸಂಜೆ ಉಳಿದುಕೊಂಡ ಮನೆಯ ಯಜಮಾನಿಗೆ ನಾವು ಮೀನು ತಿನ್ನುವುದಿಲ್ಲ, ಮೀನಿನ ಸಾರಿನ ನೀರೂ ಆಗದು ಎಂದು ಆ ದನಿಯಲ್ಲಿ ಹೇಳಿದಾಗ ಆಕೆ ಗಾಬರಿಯಿಂದ ಬರೀ ಅನ್ನ, ತೋಫು, ಉಪ್ಪಿನಕಾಯಿ ತಂದಿಟ್ಟಳು. ಅಂಕಲ್ ಬ್ಯಾಗಿನಿಂದ ಆಂಟಿ ಕಟ್ಟಿಕೊಟ್ಟ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ತೆಗೆದರು. ಆಕೆಗೂ ಕೊಟ್ಟೆವು. ರೊಟ್ಟಿ ಮುರಿದ ಸದ್ದಿಗೆ ಆಕೆ ಬೆಚ್ಚಿದಳು, ಆಮೇಲೆ ಇನ್ನೊಂದು ಕೇಳಿದಳು.

ಮನೆಯೊಳಗೆ ಬರುವ ಮೊದಲು ನಮ್ಮ ಕಾಲು ತೊಳೆಯುವುದಕ್ಕಿಂತ ಮುಂಚೆ ಕೋಲಿನ ಕಾಲು ತೊಳೆಯಬೇಕಿತ್ತು. ಕೋಲು ಎಂದರೆ ಗುರುಗಳೇ ಜೊತೆಯಲ್ಲಿ ನಡೆದಂತೆ ಲೆಕ್ಕ. ಮನೆಗೆ ಬಂದ ಸ್ವಾಮಿಗಳ ಪಾದ ತೊಳೆದಷ್ಟೇ ಶ್ರದ್ಧೆಯಿಂದ ಅಂಕಲ್ ತಮ್ಮ ಕೋಲನ್ನೂ ನನ್ನದನ್ನೂ ತೊಳೆದು ಒರೆಸಿ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ನಾನು ಬೂಟು ಬಿಚ್ಚಿ ನನ್ನ ಹೆಬ್ಬೆರಳನ್ನು ನೋಡಿಕೊಳ್ಳುತ್ತಿದ್ದೆ. ಉಗುರು ನೇರಳೆ ಬಣ್ಣಕ್ಕೆ ತಿರುಗಿತ್ತು. ಅಂಕಲ್ ಅದನ್ನು ಒತ್ತಿ ನೋಡಿ ಪಿಸುಗುಟ್ಟುವ ಮೊದಲೇ ನಾನೇ ಅವರ ದನಿಯಲ್ಲಿ ಕೇಳಿಕೊಂಡೆ, "ಏನಪಾ, ಇಲ್ಲೇನು ಬ್ಯಾನಿ?" ಅವರು ನಕ್ಕರು. ನನಗೆ ಮಾತ್ರ ಒಂದು ಅನುಮಾನ ಶುರುವಾಗಿತ್ತು. ನಾನು ಚೆನ್ನಾಗಿ ಮಾತಾಡಿದಷ್ಟೂ ಅವರು ಪಿಸುಗುಟ್ಟುವುದನ್ನೂ ಕಡಿಮೆ ಮಾಡುತ್ತಿದ್ದರು. ಎಷ್ಟೋ ಸಲ ಬರೀ ಹುಬ್ಬು ಎತ್ತುತ್ತಿದ್ದರು, ಉಳಿದದ್ದು ನಾನೇ ಹೇಳುತ್ತಿದ್ದೆ. ದೇವಾಲಯಗಳಲ್ಲಿ ಎಲ್ಲರೂ ಗಟ್ಟಿಯಾಗಿ ಮಂತ್ರ ಹೇಳುವಾಗ ಅವರ ತುಟಿ ಅಲುಗುತ್ತಿತ್ತು, ಪಕ್ಕದಲ್ಲಿ ಅವರ ದನಿ ನನ್ನಿಂದ ಬರುತ್ತಿತ್ತು. ಒಬ್ಬಾಕೆ ಅವರನ್ನೇ ಹೊಗಳಿ ಹೋದಳು, ಎಷ್ಟು ಗಂಭೀರ ಕಂಠ ಎಂದು. ಅವತ್ತು ಮಧ್ಯಾಹ್ನ ಅಂಕಲ್ ಮೊಬೈಲಿನಲ್ಲಿ ಬರೆದು ತೋರಿಸಿದರು, "ಕಾಗದದ ಕೆಲಸs ಛಲೋ ಅನಸ್ತದ. ಹೋದ ಮ್ಯಾಲ ಹೇಳಿಬಿಡತೀನಿ."

ನಾನು ಓದಿ ಮೊಬೈಲ್ ವಾಪಸ್ ಕೊಟ್ಟೆ. ಎಲ್ಲರ ದನಿಯೂ ಬರುವವನಿಗೆ ತನ್ನದೇ ದನಿಯಲ್ಲಿ ಹೇಳಬೇಕಾದ ಮಾತು ಬಂದಾಗ ಅದೊಂದು ದನಿ ಮಾತ್ರ ಸಿಗುವುದಿಲ್ಲ ಎಂದು ಅಲ್ಲಿ ಗೊತ್ತಾಯಿತು.

ಅದರ ಮಾರನೆಯ ಬೆಳಿಗ್ಗೆ ದೊಡ್ಡ ಬೆಟ್ಟದ ಬುಡಕ್ಕೆ ಹೋಗುವ ದಾರಿ. ಎರಡೂ ಕಡೆ ಕಿತ್ತಳೆ ತೋಟ. ಅಲ್ಲಲ್ಲಿ ಹಣ್ಣು ಚೀಲ ಕಟ್ಟಿ ಇಟ್ಟು, ಪಕ್ಕದಲ್ಲಿ ದುಡ್ಡು ಹಾಕಲು ಡಬ್ಬಿ. ಕ್ರೈಸ್ಟ್‌ಚರ್ಚ್ ಸುತ್ತಲಿನ ನಮ್ಮ ಕ್ಯಾಂಟರ್ಬರಿಯ ಹಳ್ಳಿರಸ್ತೆಗಳಲ್ಲಿ ಮೊಟ್ಟೆ, ಕುದುರೆ ಗೊಬ್ಬರ ಇಟ್ಟಿರುತ್ತಾರಲ್ಲ, ಹಾಗೇ. ಮಧ್ಯೆ ಮಧ್ಯೆ ಕಾಡುಹಂದಿಗಳಿವೆ ಎಚ್ಚರಿಕೆ ಎಂಬ ಬೋರ್ಡು. ಬೆರಳು ನೋಯುತ್ತಿದ್ದುದರಿಂದ ನಾನು ನಿಧಾನವಾಗಿ ಹೋಗುತ್ತಿದ್ದೆ. ಅಂಕಲ್ ಹಿಂದೆಲ್ಲೋ ನಿಂತು ಕೋಲಿನ ಗಂಟೆಯ ದಾರ ಬಿಗಿ ಮಾಡುತ್ತಿದ್ದರು.

ಎದುರಿನಿಂದ ಒಬ್ಬ ಅಜ್ಜಿ ಸೈಕಲ್ ಮೇಲೆ ಬಂದರು. ಬುಟ್ಟಿ ತುಂಬ ಕಿತ್ತಳೆ. ನನ್ನ ಬಿಳಿ ಅಂಗಿ ನೋಡಿದ್ದೇ ಇಳಿದು, ಎರಡು ಕೈ ತುಂಬ ಹಣ್ಣು ಹಿಡಿದು ನನ್ನ ಮುಂದೆ ಚಾಚಿ, "ಒಸೆತ್ತಾಯಿ," ಎಂದರು. ಯಾತ್ರಿಕರಿಗೆ ದಾರಿಯ ಜನ ಕೊಡುವ ಕಾಣಿಕೆಗೆ ಆ ಹೆಸರು ಎಂದು ನನಗೆ ಗೊತ್ತಿತ್ತು. ಗೊತ್ತಿಲ್ಲದ ಉಳಿದರ್ಧ ಅಂಕಲ್ ವಿಮಾನದಲ್ಲಿ ಓದಿದ ಪುಸ್ತಕದಲ್ಲಿತ್ತು, ನಾನು ನಿದ್ದೆ ಮಾಡಿದ್ದೆ.

ಈಗ ನಮ್ಮ ಮನೆಯ ಸಂಸ್ಕಾರ ಹೇಳಬೇಕು. ಯಾರ ಮನೆಗೆ ಹೋದರೂ ಕಾಫಿ ಎಂದರೆ ಮೊದಲು ಅಯ್ಯೋ ಬೇಡಿ, ಈಗ ಕುಡಿದು ಬಂದೆ ಎನ್ನಬೇಕು. ಎರಡನೇ ಸಲ ಕೇಳಿದಾಗ ಸುಮ್ಮನೆ ತೊಂದರೆ ನಿಮಗೆ ಎನ್ನಬೇಕು. ಮೂರನೇ ಸಲಕ್ಕೆ ಅರ್ಧ ಲೋಟ ಎನ್ನಬೇಕು, ತುಂಬ ಕೊಟ್ಟರೆ ಕುಡಿಯಬೇಕು. ಮೊದಲನೇ ಸಲಕ್ಕೇ ಕೈಚಾಚಿದ ಹುಡುಗನಿಗೆ ಮನೆಗೆ ಬಂದ ಮೇಲೆ ಅಮ್ಮನಿಂದ ಬೇರೆ ಥರದ ಉಪಚಾರ. ನ್ಯೂಝಿಲೆಂಡಿನಲ್ಲಿ ಈ ಪದ್ಧತಿಯಿಂದ ನಾನು ಎಷ್ಟೋ ಬಾರಿ ಹಸಿದು ಮನೆಗೆ ಬಂದಿದ್ದೇನೆ, ಇಲ್ಲಿಯವರು ಒಂದೇ ಸಲ ಕೇಳುತ್ತಾರೆ. ಆದರೂ ಬುದ್ಧಿ ಬಂದಿರಲಿಲ್ಲ. ಅಜ್ಜಿ, ಹಣ್ಣು, ಚಾಚಿದ ಕೈ ಕಂಡ ಕೂಡಲೇ ಒಳಗಿನ ಮೈಸೂರು ಎದ್ದು ನಿಂತಿತು. "ಅಯ್ಯೋ, ಬೇಡ ಬೇಡ," ಎಂದು ನನ್ನ ಅತ್ಯುತ್ತಮ ಜಪಾನಿಯಲ್ಲಿ ಹೇಳಿ, ಎರಡೂ ಕೈ ಆಡಿಸಿ, ನಗುತ್ತ ನಿಂತೆ. ಎರಡನೇ ಸಲ ಕೇಳಲಿ ಎಂದು.

ಅಜ್ಜಿ ಎರಡನೇ ಸಲ ಕೇಳಲಿಲ್ಲ. ಅವರ ಮುಖ ಇಳಿದುಹೋಯಿತು. ಕ್ಷಮಿಸಿ ಎಂದು ಬಗ್ಗಿ ನಮಸ್ಕರಿಸಿ, ಹಣ್ಣನ್ನು ಬುಟ್ಟಿಗೆ ಹಾಕಿಕೊಂಡು, ಸೈಕಲ್ ಹತ್ತಿ ಇಳಿಜಾರಿನಲ್ಲಿ ಹೊರಟೇಬಿಟ್ಟರು. ನಾನು ಇನ್ನೂ ನಗುಮುಖ ಹೊತ್ತುಕೊಂಡು ನಿಂತಿದ್ದೆ. ತಿರುಗಿ ಬರುತ್ತಾರೆ, ಇದು ಆಟದ ಇನ್ನೊಂದು ಸುತ್ತು ಎಂದುಕೊಂಡಿದ್ದೆ.

ಜಪಾನಿನವರೂ ಒಂದೆರಡು ಸುತ್ತು ಬೇಡ ಎನ್ನುವ ಜನವೇ. ಆದರೆ ಈ ದಾರಿಯಲ್ಲಿ ಆ ಆಟವಿಲ್ಲ. ಬಿಳಿ ಅಂಗಿಯವನಿಗೆ ಕೊಟ್ಟರೆ ಗುರುವಿಗೇ ಕೊಟ್ಟ ಹಾಗೆ, ಅವನು ಬೇಡ ಎಂದರೆ ಗುರುವೇ ಬೇಡ ಎಂದ ಹಾಗೆ. ಇದು ಅಂಕಲ್‌ಗೆ ಗೊತ್ತಿತ್ತು. ಅವರು ದಾರ ಬಿಟ್ಟು ತಲೆಯೆತ್ತಿದಾಗ ಕಂಡದ್ದು ಅಜ್ಜಿಯ ಇಳಿದ ಮುಖ, ಪಕ್ಕದಲ್ಲೇ ಹಾದುಹೋದ ಸೈಕಲ್, ಮೇಲೆ ಹಲ್ಲು ಬಿಟ್ಟುಕೊಂಡು ನಿಂತ ನಾನು. ನನ್ನನ್ನು ಕರೆದು, ಕಿವಿಯಲ್ಲಿ ಹೇಳಿ, ನಾನು ಅರ್ಥ ಮಾಡಿಕೊಂಡು ಕೂಗುವಷ್ಟರಲ್ಲಿ ಅಜ್ಜಿ ತಿರುವು ದಾಟಿಹೋಗಿರುತ್ತಿದ್ದರು.

"ಯವ್ವಾ!"

ಯಾರು ಕೂಗಿದ್ದು ಎಂದು ನಾನೇ ಸುತ್ತ ನೋಡಿದೆ. ಕೀಲಿಗೆ ಎಣ್ಣೆ ಕಾಣದ ಗೇಟು, ಅದರ ಮೇಲೆ ಯಾರೋ ಕೂತು ತೂಗಿದ ಹಾಗೆ, ಎರಡು ಕಡೆ ಸೀಳಿದ ದನಿ.

"ಯವ್ವಾ! ನಿಂದರಬೇ! ಬೇಕು! ನಮಗ ಬೇಕು!"

ಕನ್ನಡದಲ್ಲಿ! ಜಪಾನಿನ ಹಳ್ಳಿಯ ಅಜ್ಜಿಗೆ! ಆದರೆ ಬ್ರೇಕು ಕಿರ್ ಎಂದಿತು, ಸೈಕಲ್ ನಿಂತಿತು. ಅಂಕಲ್ ಕೋಲಿನ ಗಂಟೆ ಗಲಗಲ ಎನ್ನಿಸುತ್ತ ಇಳಿಜಾರಿನಲ್ಲಿ ಓಡಿದರು. ಹಿಂದೆ ನಾನು, ಒಂದು ಕಾಲಿನಲ್ಲಿ ಕುಂಟುತ್ತ. ನಾನು ತಲುಪುವಷ್ಟರಲ್ಲಿ ಅವರು ಟೋಪಿ ತೆಗೆದು ಅಂಗಾತ ಹಿಡಿದಿದ್ದರು, ಅಜ್ಜಿ ಅದಕ್ಕೆ ಹಣ್ಣು ತುಂಬಿಸುತ್ತಿದ್ದರು. ನಾನು ಸೊಂಟ ಬಗ್ಗುವಷ್ಟೂ ಬಗ್ಗಿ, ನಮ್ಮ ಊರಿನಲ್ಲಿ ಮೊದಲು ಬೇಡ ಎನ್ನುವುದೇ ಮರ್ಯಾದೆ, ಅದರ ಅರ್ಥ ಬೇಕು ಎಂದೇ ಎಂದು ವಿವರಿಸಿದೆ. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಆಮೇಲೆ ಅಂಕಲ್ ಕಡೆ ತೋರಿಸಿ ಏನೋ ಹೇಳಿ ಇನ್ನೂ ನಕ್ಕರು.

"ಏನಂತಾರ?" ಅಂಕಲ್ ಕೇಳಿದರು. ಗಟ್ಟಿಯಾಗಿಯೇ. ಆ ಸೀಳಿದ ದನಿ ಇನ್ನೂ ಹೊರಗೇ ಇತ್ತು, ಒಳಗೆ ಹೋಗುವುದನ್ನು ಮರೆತಿತ್ತು.

ಸುಳ್ಳು ಹೇಳಬಹುದಿತ್ತು. ಗಂಭೀರ ಕಂಠ ಎನ್ನುತ್ತಿದ್ದಾರೆ ಎನ್ನಬಹುದಿತ್ತು. ಆದರೆ ಅಂಥ ಹೊಗಳಿಕೆ ನನ್ನ ದನಿಗೆ ಸಿಕ್ಕು ಅವರಿಗೆ ಏನು ಮಾಡಿತ್ತು ಎಂದು ಹಿಂದಿನ ದಿನ ನೋಡಿದ್ದೆ.

"ಕಾಡುಹಂದಿ ಅಂದ್ಕೊಂಡ್ರಂತೆ ಅಂಕಲ್. ಅದಕ್ಕೇ ಬ್ರೇಕ್ ಹಾಕಿದ್ದಂತೆ."

ಅಂಕಲ್ ನನ್ನನ್ನು ನೋಡಿದರು. ಅಜ್ಜಿಯನ್ನು ನೋಡಿದರು. ಆಮೇಲೆ ನಗು ಬಂತು. ಆ ನಗುವೂ ಸೀಳಿಕೊಂಡು, ಗೊರ್ ಎಂದು, ನಿಜಕ್ಕೂ ಹಂದಿಯ ಹಾಗೇ ಬಂತು. ಅದನ್ನು ಕೇಳಿ ಅಜ್ಜಿ ಸೈಕಲ್ ಹ್ಯಾಂಡಲ್ ಹಿಡಿದುಕೊಂಡು ನಕ್ಕರು. ನಾನು ರಸ್ತೆಯ ಮೇಲೆ ಕುಳಿತುಬಿಟ್ಟೆ.

"ಮ್ಯಾಕಿ ಅಂತ ತಿಳದಿದ್ನಿ," ಎಂದರು ಅಂಕಲ್ ಕಣ್ಣೊರೆಸಿಕೊಳ್ಳುತ್ತ. "ಹಂದಿ ಆತೇನು? ಪ್ರಮೋಶನ್ ಬಿಡು."

ಕಾಣಿಕೆ ಕೊಟ್ಟವರಿಗೆ ಯಾತ್ರಿಕರು ತಮ್ಮ ಹೆಸರಿನ ಸಣ್ಣ ಚೀಟಿ ಕೊಡುವುದು ರೂಢಿ. ಅಂಕಲ್ ಕೊಟ್ಟರು. ಅಜ್ಜಿಗೆ ಇಂಗ್ಲಿಷ್ ಅಕ್ಷರ ಓದಲು ಬರಲಿಲ್ಲ. ಹುಬ್ಬು ಏರಿಸಿ ಕೇಳಿದರು. ನಾನು ಬಾಯಿ ತೆಗೆದೆ. ಅಂಕಲ್ ಕೋಲನ್ನು ನನ್ನ ಎದೆಗೆ ಅಡ್ಡ ಹಿಡಿದು ತಡೆದು, ಎದೆ ಮುಟ್ಟಿಕೊಂಡು ತಮ್ಮ ಹೆಸರನ್ನು ತಾವೇ ಹೇಳಿದರು. ಅಜ್ಜಿ ಅದನ್ನು ಅಷ್ಟೇ ಒಡೆದು ತಿರುಗಿ ಹೇಳಿದರು. ಸರಿಯಾಗಿದೆಯೇ ಎಂದು ಕೇಳಿದರು. "ಬರೋಬ್ಬರಿ," ಎಂದರು ಅಂಕಲ್.

ಬೆಟ್ಟದ ಏರು ಭಯಂಕರ. ಯಾತ್ರಿಕರು ಉರುಳಿ ಬೀಳುವ ಏರು ಎಂದೇ ಅದಕ್ಕೆ ಹೆಸರು. ಎತ್ತರದ ಮರಗಳ ನೆರಳಿನಲ್ಲಿ, ಬೇರುಗಳನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಬೇಕು. ಸ್ವಲ್ಪ ಹೊತ್ತು ಕಿತ್ತಳೆ ಸುಲಿದು ತಿನ್ನುತ್ತ ಹತ್ತಿದೆವು. ಆಮೇಲೆ ಮೇಲೆ ಹೋಗಿದ್ದ ಅಂಕಲ್ ಒಂದು ತಿರುವಿನಲ್ಲಿ ನಿಂತು ಗಂಟಲು ಸರಿ ಮಾಡಿಕೊಂಡರು. ಕೈಯಲ್ಲಿ ಕಾಗದ ಹಿಡಿದವರ ಹಾಗೆ ಅಂಗೈ ನೋಡಿಕೊಂಡರು.

"ಮಿಸ್ಟರ್ ಬದನೀಕಾಯಿ!"

ನಾನು ಕಕ್ಕಾಬಿಕ್ಕಿಯಾಗಿ ನಿಂತೆ. "ಏನ್ ಅಂಕಲ್?"

"ಪೇಶಂಟ್ ಹೆಸರು ಹೊರಗ ಹೇಳಂಗಿಲ್ಲಲೇ, ಅದಕ್ಕ. ಮಿಸ್ಟರ್ ಬದನೀಕಾಯಿ!"

ನನಗೆ ಆಗ ಹೊಳೆಯಿತು. ತಕ್ಷಣ ಕ್ಯಾಂಟರ್ಬರಿಯ ಹಾಲಿನ ಡೈರಿ ರೈತನಾದೆ, ಸೊಂಟ ಹಿಡಿದುಕೊಂಡು, "ಯೆಹ್, ನಾಹ್, ನಾಟ್ ಟೂ ಬ್ಯಾಡ್ ಡಾಕ್," ಎಂದು ಕುಂಟುತ್ತ ಬಂದೆ. ಕುಂಟುವುದಕ್ಕೆ ನಟನೆ ಬೇಕಿರಲಿಲ್ಲ. ಮುಂದಿನ ತಿರುವಿನಲ್ಲಿ ಮಿಸೆಸ್ ಹೀರೀಕಾಯಿ. ಅದು ಪ್ರತಿ ಮಾತಿಗೂ ಗಂಡನನ್ನು ದೂರುವ ನಮ್ಮ ಸಂಘದ ಒಬ್ಬ ಆಂಟಿ. ಆಮೇಲೆ ಮಾಸ್ಟರ್ ಮೂಲಂಗಿ, ಚುಚ್ಚುಮದ್ದು ಎಂದರೆ ಅಳುವ ಮಗು. ಕೆಲವು ಹೆಸರು ಅರ್ಧಕ್ಕೇ ಗಾಳಿಯಾಗುತ್ತಿದ್ದವು. ಅಂಕಲ್ ನಿಂತು, ಉಸಿರು ತೆಗೆದುಕೊಂಡು, ಮತ್ತೆ ಕರೆಯುತ್ತಿದ್ದರು. ಮೇಲಿನಿಂದ ಇಳಿದು ಬಂದ ಇಬ್ಬರು ಯಾತ್ರಿಕರು ನಾವು ಯಾವ ಮಂತ್ರ ಹೇಳುತ್ತಿದ್ದೇವೆ ಎಂದು ಕೇಳಿದರು. ತರಕಾರಿಯದು ಎಂದೆ. ಅವರು ಕೈ ಮುಗಿದು ಹೋದರು.

ಒಂದು ಕಡೆ ಕುಳಿತಾಗ ಕೇಳಿದೆ, "ನಿಮ್ ಹಳೇ ದನಿ ಏನ್ ಮಾಡ್ಲಿ ಅಂಕಲ್? ವಾಪಸ್ ಕೊಡ್ಲಾ?"

"ಇಟ್ಕೋ. ಹಾಲ್‌ನಾಗ ಬೇಕಾಗ್ತೈತಿ," ಎಂದರು. ಇನ್ನೊಂದು ಕಿತ್ತಳೆ ಸುಲಿಯುತ್ತ, "ಈ ಹೊಸಾದು ಮಾಡು ನೋಡೋಣ," ಎಂದರು.

ಮಾಡಿದೆ. ಹಂದಿ ಬಂತು, ಗೇಟು ಬಂತು, ಅಂಕಲ್ ಬರಲಿಲ್ಲ. ನನಗೆ ಯಾರ ದನಿಯಾದರೂ ಎರಡು ಸಲ ಕೇಳಿದರೆ ಸಾಕು, ಸಿಕ್ಕಿಬಿಡುತ್ತದೆ. ಇದು ಎಲ್ಲಿ ಒಡೆಯುತ್ತದೆ, ಎಲ್ಲಿ ಕೂಡುತ್ತದೆ ಎಂದು ಹೇಳಲಾಗುತ್ತಿರಲಿಲ್ಲ. ಅವರಿಗೇ ಗೊತ್ತಿರಲಿಲ್ಲ. ಅವರೂ ನನ್ನಷ್ಟೇ ಕುತೂಹಲದಿಂದ ಅದನ್ನು ಕೇಳಿಸಿಕೊಳ್ಳುತ್ತಿದ್ದರು. "ಹಂಗಲ್ಲ," ಎಂದರು ಸಂತೋಷದಿಂದ. "ನಿನಗ ಇನ್ನೂ ಬಂದಿಲ್ಲ ತಗೋ."

ಹೊರಗಿನ ಹುಳು, ರೋಗ ದೇಶದೊಳಗೆ ಬರಬಾರದೆಂದು ಕ್ರೈಸ್ಟ್‌ಚರ್ಚ್ ವಿಮಾನ ನಿಲ್ದಾಣದಲ್ಲಿ ಮರದ ಸಾಮಾನು, ಮಣ್ಣು ಮೆತ್ತಿದ ಬೂಟು ಎಲ್ಲವನ್ನೂ ತೋರಿಸಲೇಬೇಕು. ಅಧಿಕಾರಿಣಿ ಕೋಲನ್ನು ತಿರುಗಿಸಿ ತಿರುಗಿಸಿ ನೋಡಿ ಹುಳುವಿನ ತೂತು ಹುಡುಕಿದಳು. ತುದಿ ನೋಡಿ, ಇದನ್ನು ಇಷ್ಟು ಸ್ವಚ್ಛವಾಗಿ ತೊಳೆದವರು ಯಾರು ಎಂದು ಕೇಳಿದಳು. ನಾನು ಅಭ್ಯಾಸಬಲದಿಂದ ಹಂಡೆದನಿ ತೆಗೆಯಲು ಹೋದೆ. "ನಾನೇ. ಪ್ರತಿ ಸಂಜೆ," ಎಂದರು ಅಂಕಲ್ ಇಂಗ್ಲಿಷಿನಲ್ಲಿ. ಹಿಂದೆ ಸಾಲಿನಲ್ಲಿದ್ದವರು ಆ ದನಿಗೆ ತಲೆಯೆತ್ತಿದರು. ಅಂಕಲ್ ಅವರ ಕಡೆ ತಿರುಗಿ ನೋಡಿದರು, ಅವರು ಮತ್ತೆ ತಮ್ಮ ಮೊಬೈಲುಗಳಿಗೆ ಹೋದರು. ಅಷ್ಟೇ ಆದದ್ದು. ನನ್ನ ಬೂಟನ್ನು ಮಾತ್ರ ಆಕೆ ಎರಡು ಬೆರಳಿನಲ್ಲಿ ಹಿಡಿದು ತೊಳೆಯಲು ಒಳಗೆ ಒಯ್ದಳು.

ಕ್ಲಿನಿಕ್ಕಿಗೆ ಅಂಕಲ್ ಏನು ಹೇಳಿದರು ಎಂದು ನಾನು ಕೇಳಲಿಲ್ಲ. ಆಂಟಿ ಹೇಳಬಾರದೆಂದು ಅಪ್ಪಣೆಯಾಗಿತ್ತಂತೆ. ಹೆಬ್ಬೆರಳಿನ ಉಗುರು ಅಷ್ಟರಲ್ಲಿ ಕಪ್ಪಾಗಿ ಒಂದು ಬದಿಗೆ ಎದ್ದಿತ್ತು. ಅಂಕಲ್‌ಗೆ ಹಿತ್ತಲಿನಲ್ಲೇ ತೋರಿಸೋಣ ಎಂದರೆ ಆಂಟಿ, "ಇಲ್ಲಿ ಬ್ಯಾಡ, ಅಲ್ಲೇ ಹೋಗಿ ಸರದಿ ಮ್ಯಾಲ ತೋರಸು," ಎಂದರು. ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ಸಿಕ್ಕಿತು. ಯಾವ ಡಾಕ್ಟರು ಎಂದು ಕೌಂಟರಿನಾಕೆ ಹೇಳಲಿಲ್ಲ.

ಕಾಯುವ ಕೋಣೆ ತುಂಬಿತ್ತು. ಕೆಮ್ಮುವವರು, ತೊಡೆಯ ಮೇಲೆ ಮಗು ಕೂರಿಸಿಕೊಂಡವರು, ಮೂಲೆಯಲ್ಲಿ ಆಟಿಕೆ ಜೋಡಿಸುತ್ತಿದ್ದ ಇಬ್ಬರು ಮಕ್ಕಳು. ಒಳಗಿನ ಬಾಗಿಲು ತೆರೆಯಿತು. ಅಂಕಲ್ ಬಂದು ನಿಂತರು. ಟೈ ಕಟ್ಟಿದ್ದರು. ಅಂಗೈಯಲ್ಲಿ ಏನೂ ಇರಲಿಲ್ಲ, ಆದರೂ ಒಮ್ಮೆ ಅಂಗೈ ನೋಡಿಕೊಂಡರು. ನನಗೆ ಮಾತ್ರ ಕಾಣುವಷ್ಟು ಸಣ್ಣಗೆ ಉಸಿರು ಎಳೆದುಕೊಂಡು, ನನ್ನ ಪೂರ್ತಿ ಹೆಸರು, ಅಪ್ಪನ ಹೆಸರು ಸಮೇತ, ಕರೆದರು.

ಗೇಟು ಕಿರುಗುಟ್ಟಿತು. ನಡುವೆ ಎಲ್ಲೋ ಒಡೆದು, ಕೊನೆಗೆ ಕೂಡಿಕೊಂಡಿತು. ಎಲ್ಲರೂ ತಲೆಯೆತ್ತಿದರು. ಮೂಲೆಯ ಮಕ್ಕಳೂ.

ನಾನು ಎದ್ದೇಳಲಿಲ್ಲ. ಗೋಡೆಯ ಮೇಲಿನ ಮಧುಮೇಹದ ಪೋಸ್ಟರನ್ನು ಬಹಳ ಆಸಕ್ತಿಯಿಂದ ಓದುತ್ತ ಕುಳಿತೆ. ಮೊದಲನೇ ಸಲಕ್ಕೇ ಏಳುವವನಿಗೆ ನಮ್ಮ ಕಡೆ ಮರ್ಯಾದೆಯಿಲ್ಲ.

ಅಂಕಲ್ ಎರಡು ಹೆಜ್ಜೆ ಮುಂದೆ ಬಂದರು.

"ಏ ಮಂಗ್ಯಾ!" ಎಂದರು, ಇಡೀ ಕೋಣೆಗೆ ಕೇಳುವ ಹಾಗೆ. "ನಿನಗs ಕರಿಯಾಕತ್ತೀನಿ, ಕಿವಿ ಕೇಳಂಗಿಲ್ಲೇನು?"